ನಾಯಿಯೂ ನಿಸರ್ಗವೂ ಒಂದೇ ಬೆಳಕಿನಲ್ಲಿ

ಪ್ರಶ್ನೆ: ತೈಲವರ್ಣದಲ್ಲಿ ಹುಲ್ಲುಗಾವಲಿನ ನಡುವೆ ನಾಯಿಯನ್ನು ಚಿತ್ರಿಸಿದರೆ ಅದು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಸಾಂಪ್ರದಾಯಿಕ ವಿಧಾನದಲ್ಲಿ ಇದಕ್ಕೆ ಪರಿಹಾರವಿದೆಯೇ?

ಉತ್ತರ: ಖಂಡಿತ ಇದೆ. ಹಿನ್ನೆಲೆಯನ್ನು ಪೂರ್ತಿ ಮುಗಿಸಿ, ಅನಂತರ ನಾಯಿಯನ್ನು ಸೇರಿಸುವುದರಿಂದಲೇ ಸಾಮಾನ್ಯವಾಗಿ ಈ ತೊಂದರೆ ಬರುತ್ತದೆ. ಟರ್ಪೆಂಟೈನ್‌ನಲ್ಲಿ ತೆಳುಗೊಳಿಸಿದ ಅಂಬರ್ (umber) ಎಂಬ ಕಂದು ಬಣ್ಣದಿಂದ ನಾಯಿ, ನೆಲ, ಮರಗಳ ನೆರಳು-ಬೆಳಕನ್ನು ಒಟ್ಟಿಗೇ ಗುರುತಿಸಿಕೊಳ್ಳಿ. ಅದು ಒಣಗಿದ ಮೇಲೆ ಏರಿಸುವ ಪದರಗಳಲ್ಲಿ ಅಗಸೆ ಎಣ್ಣೆಯ ಪ್ರಮಾಣ ಕೆಳಗಿನ ಪದರಕ್ಕಿಂತ ತುಸು ಹೆಚ್ಚಿರಬೇಕು. ಇಲ್ಲದಿದ್ದರೆ ಮುಂದೆ ಬಣ್ಣ ಬಿರುಕು ಬಿಡಬಹುದು.

ನಿಜವಾದ ಕೆಲಸವಿರುವುದು ಪ್ರತಿಫಲಿತ ಬೆಳಕಿನಲ್ಲಿ ಮತ್ತು ಅಂಚುಗಳಲ್ಲಿ. ಬಿಸಿಲಿನಲ್ಲಿ ನಿಂತ ಬಿಳಿ ನಾಯಿಯ ಹೊಟ್ಟೆ ಬರೀ ಬೂದು ಬಣ್ಣದ್ದಲ್ಲ; ಅಲ್ಲಿ ಹುಲ್ಲಿನ ಹಸಿರು ತಾಗಿರುತ್ತದೆ, ಬೆನ್ನಿನ ನೆರಳಿನ ಭಾಗದಲ್ಲಿ ಆಕಾಶದ ನೀಲಿ ಇರುತ್ತದೆ. ಹಿನ್ನೆಲೆಯ ಬಣ್ಣ ಇನ್ನೂ ಹಸಿಯಾಗಿರುವಾಗಲೇ ಬೆನ್ನಿನ ಮತ್ತು ಬಾಲದ ಕೂದಲನ್ನು ಒಣ ಕುಂಚದಿಂದ ಅದರೊಳಕ್ಕೆ ಎಳೆದು, ಕೆಲವೆಡೆ ಅಂಚು ಕಾಣೆಯಾಗಲು ಬಿಡಿ. ಪಂಜಗಳ ಮುಂದೆ ಒಂದೆರಡು ಹುಲ್ಲೆಸಳು ಹಾಯ್ದಿರಲಿ, ಪಂಜಗಳ ಕೆಳಗೆ ಗಾಢವಾದ ನೆರಳಿರಲಿ.

ಫ್ರಾನ್ಸಿನ ದೊರೆ 15ನೇ ಲೂಯಿಯ ಬೇಟೆನಾಯಿಗಳನ್ನು ಚಿತ್ರಿಸಿದ ಕಲಾವಿದ ಊದ್ರಿಯ (1686–1755) ಕೃತಿಗಳನ್ನು ತಪ್ಪದೆ ಗಮನಿಸಿ. ಕೂದಲನ್ನು ಒಂದೊಂದಾಗಿ ಬಿಡಿಸುವ ಆಸೆಯನ್ನು ಮಾತ್ರ ಬಿಟ್ಟುಬಿಡಿ. ಕಣ್ಣು, ಮೂಗುಗಳ ಸುತ್ತ ಸೂಕ್ಷ್ಮ ವಿವರವಿದ್ದರೆ ಸಾಕು.