ಮಿಂಟ್ ಹಾಕಿದ ಮೇಲೆ ಮಕ್ಕಳಿಗೆ ನನ್ನ ಸ್ವರವೇ ಕೇಳುವುದಿಲ್ಲ!

ಪ್ರಶ್ನೆ: ಸರ್, ನಾನು ಸುರತ್ಕಲ್‌ನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲ ಅಂತ ಮಗ ಹಳೇ ಲ್ಯಾಪ್‌ಟಾಪಿಗೆ ಅದರ ಬದಲು ಲಿನಕ್ಸ್ ಮಿಂಟ್ 22 ಹಾಕಿ ಕೊಟ್ಟು ದುಬೈಗೆ ಹೋದ. ಯೂಟ್ಯೂಬ್ ಎಲ್ಲ ಚೆನ್ನಾಗಿ ಕೇಳುತ್ತದೆ. ಆದರೆ ಜೂಮ್ ಕ್ಲಾಸಿಗೆ ಹೆಡ್‌ಸೆಟ್ ಹಾಕಿದರೆ ನನ್ನ ಸ್ವರ ಆಚೆ ಹೋಗುವುದಿಲ್ಲ. ಹೆಡ್‌ಸೆಟ್ ತೆಗೆದರೆ ಹೋಗುತ್ತದೆ, ಆದರೆ ಒಂದೇ ಸಮನೆ ಭುಸ್ಸೆನ್ನುವ ಸದ್ದು. ಶ್ರುತಿ ಪೆಟ್ಟಿಗೆಯಂತೂ ಮಕ್ಕಳಿಗೆ ಕೇಳುವುದೇ ಇಲ್ಲವಂತೆ. ಎಂತ ಮಾಡುವುದು? ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಎಲ್ಲ ನನಗೆ ಆಗುವುದಿಲ್ಲ.

ಉತ್ತರ: ಟೀಚರೇ, ನೀವು ಒಂದು ತೊಂದರೆ ಅಂದುಕೊಂಡದ್ದು ನಿಜಕ್ಕೂ ಮೂರು. ಮೂರಕ್ಕೂ ಕಾರಣ ಬೇರೆ ಬೇರೆ. ಟರ್ಮಿನಲ್ ಬೇಡ, ಮೌಸ್ ಸಾಕು.

ಮೊದಲು ಆ ಹೆಡ್‌ಸೆಟ್ಟನ್ನು ಮೊಬೈಲಿಗೆ ಚುಚ್ಚಿ ಯಾರಿಗಾದರೂ ಫೋನ್ ಮಾಡಿ. ಅಲ್ಲಿಯೂ ಸ್ವರ ಹೋಗದಿದ್ದರೆ ಲಿನಕ್ಸನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ, ಮಳೆಗಾಲದ ತೇವಕ್ಕೆ ಪ್ಲಗ್ಗಿನ ಲೋಹ ಮಂಕಾಗುತ್ತದೆ. ಪ್ಲಗ್ ತಿರುಗಿಸುವಾಗ ಕರಕರ ಅಂದರೆ ಅದೇ. ಒಣ ಬಟ್ಟೆಯಲ್ಲಿ ಒರೆಸಿ ನೋಡಿ.

ಮೊಬೈಲಿನಲ್ಲಿ ಸರಿ ಇದ್ದರೆ ಪ್ಲಗ್ಗನ್ನು ಹತ್ತಿರದಿಂದ ನೋಡಿ. ಮೂರು ಕಪ್ಪು ಗೆರೆ ಇದ್ದರೆ ಕೇಳುವುದು, ಮಾತಾಡುವುದು ಎರಡೂ ಅದರಲ್ಲೇ ಇದೆ. ಎರಡೇ ಗೆರೆ ಇದ್ದರೆ ಅದು ಬರೀ ಕೇಳುವುದಕ್ಕೆ ಅಥವಾ ಬರೀ ಮೈಕಿಗೆ. ಲ್ಯಾಪ್‌ಟಾಪಿನಲ್ಲಿ ಒಂದೇ ತೂತು ಇದ್ದರೆ ಮೂರು ಗೆರೆಯದ್ದು ಸರಿಹೋಗುತ್ತದೆ. ಹಸಿರು, ಗುಲಾಬಿ ಬಣ್ಣದ ಎರಡು ತೂತು ಇರುವ ಕಂಪ್ಯೂಟರಾದರೆ ಒಂದನ್ನು ಎರಡು ಮಾಡುವ ಕವಲು ವೈರ್ ಬೇಕಾಗುತ್ತದೆ.

ಇನ್ನು ಲ್ಯಾಪ್‌ಟಾಪಿಗೆ ಚುಚ್ಚುವಾಗ ಪರದೆಯ ಮೇಲೆ ಒಂದು ಸಣ್ಣ ಕಿಟಕಿ ಬರುತ್ತದಾ ನೋಡಿ. ಚುಚ್ಚಿದ್ದು ಎಂತದ್ದು ಅಂತ ತಾನಾಗಿ ಪತ್ತೆ ಮಾಡಲಾಗದ ಜಾಕ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಹೀಗೆ ಕೇಳುವುದುಂಟು: ಹೆಡ್‌ಫೋನಾ, ಹೆಡ್‌ಸೆಟ್ಟಾ, ಮೈಕ್ರೋಫೋನಾ? ತುಂಬ ಜನ ಓದದೇ ಹೆಡ್‌ಫೋನ್ ಒತ್ತಿಬಿಡುತ್ತಾರೆ. ಆಮೇಲೆ ಮೈಕ್ ಇದೆ ಅಂತ ಕಂಪ್ಯೂಟರಿಗೆ ಗೊತ್ತಾಗುವುದಾದರೂ ಹೇಗೆ? ಹೆಡ್‌ಸೆಟ್ ಅಂತಲೇ ಒತ್ತಬೇಕು.

ಕಿಟಕಿ ಬರಲೇ ಇಲ್ಲ ಅಂತಾದರೆ ಕೆಳಗಿನ ಸ್ಪೀಕರ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ. ಇನ್‌ಪುಟ್ ಅನ್ನುವಲ್ಲಿ ಮೈಕ್‌ಗಳ ಪಟ್ಟಿ ಇರುತ್ತದೆ. ಒಂದೊಂದನ್ನೇ ಆರಿಸಿ 'ಸ ರಿ ಗ ಮ' ಅನ್ನಿ. ಪಕ್ಕದಲ್ಲಿ ಸದ್ದಿನ ಮಟ್ಟ ತೋರಿಸುವ ಪಟ್ಟಿ ಕುಣಿಯುತ್ತದಾ? ಈ ಪಟ್ಟಿಯನ್ನು ನಂಬಿ. ಇದು ಕುಣಿದರೆ ಮೈಕಿನಿಂದ ಲಿನಕ್ಸ್ ತನಕ ದಾರಿ ಸರಿಯಿದೆ, ತೊಂದರೆ ಜೂಮಿನಲ್ಲಿದೆ. ಕುಣಿಯದಿದ್ದರೆ ಜೂಮಿನ ಸೆಟ್ಟಿಂಗನ್ನು ಎಷ್ಟು ತಿರುಗಿಸಿದರೂ ದಂಡ. ಸೌಂಡ್ ಕೆಟ್ಟಿತು ಅಂದಕೂಡಲೇ ಯಾರೋ ಹೇಳಿದ ಕಮಾಂಡ್‌ಗಳನ್ನೆಲ್ಲ ಸಾಲಾಗಿ ಹೊಡೆಯುವವರಿಗೂ ನಾನು ಹೇಳುವುದು ಇದನ್ನೇ, ಸದ್ದು ಎಲ್ಲಿಯ ತನಕ ಬಂದು ಎಲ್ಲಿ ನಿಂತಿದೆ ಅಂತ ಮೊದಲು ನೋಡಿ, ಕೈಹಾಕುವುದು ಆಮೇಲೆ.

ಜೂಮಿನಲ್ಲೇ ತೊಂದರೆ ಅಂತಾದರೆ ಸಾಫ್ಟ್‌ವೇರ್ ಮ್ಯಾನೇಜರಿನಿಂದ ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಮಿಂಟ್ 22ರಲ್ಲಿ ಸದ್ದಿನ ಕೆಲಸ ನೋಡಿಕೊಳ್ಳುವುದು ಪೈಪ್‌ವೈರ್, ಹಿಂದಿನ ಪಲ್ಸ್‌ಆಡಿಯೊ ಅಲ್ಲ. ಆದರೂ ಈ ಹಳೇ ಪರಿಕರ ಅದರ ಜೊತೆ ಸಲೀಸಾಗಿ ಕೆಲಸ ಮಾಡುತ್ತದೆ. ಅದರ ರೆಕಾರ್ಡಿಂಗ್ ಟ್ಯಾಬ್ ತೆರೆಯಿರಿ. ಮೀಟಿಂಗ್ ನಡೆಯುತ್ತಿರುವಾಗ ಮಾತ್ರ ಅಲ್ಲಿ ಜೂಮಿನ ಹೆಸರು ಕಾಣುತ್ತದೆ, ಸುಮ್ನೆ ತೆರೆದರೆ ಖಾಲಿ. ಜೂಮ್ ಯಾವ ಮೈಕಿನಿಂದ ಕೇಳಿಸಿಕೊಳ್ಳುತ್ತಿದೆ ಅಂತ ಹೆಸರಿನ ಪಕ್ಕ ಇರುತ್ತದೆ. ಅಲ್ಲಿ 'ಮಾನಿಟರ್ ಆಫ್' ಅಂತ ಶುರುವಾಗುವ ಹೆಸರಿದ್ದರೆ ಕಳ್ಳ ಸಿಕ್ಕಿದ ಹಾಗೆಯೇ ಮಾರಾಯ್ರೇ! ಅದು ಮೈಕೇ ಅಲ್ಲ, ನಿಮ್ಮ ಸ್ಪೀಕರಿಗೆ ಹೋಗುವ ಸದ್ದು. ಮಕ್ಕಳಿಗೆ ಅವರದ್ದೇ ಸ್ವರ ವಾಪಸ್ ಕೇಳುತ್ತಿರುತ್ತದೆ, ನಿಮ್ಮದು ಇಲ್ಲ. ಅಲ್ಲೇ ಸರಿಯಾದ ಮೈಕ್ ಆರಿಸಿ.

ಭುಸ್ಸೆನ್ನುವ ಸದ್ದು ಹೆಚ್ಚಾಗಿ ಮೈಕ್ ಬೂಸ್ಟಿನದ್ದು, ಅಂದರೆ ಮೈಕಿನ ಸದ್ದನ್ನು ಅತಿಯಾಗಿ ಹೆಚ್ಚಿಸಿದ್ದರದ್ದು. ಮೈಕಿನ ವಾಲ್ಯೂಮನ್ನು ಪೂರ್ತಿ ಏರಿಸಿದರೆ ಫ್ಯಾನಿನ ಗಾಳಿ, ಹೊರಗಿನ ಮಳೆ ಎಲ್ಲವೂ ನಿಮ್ಮ ಸ್ವರದ ಜೊತೆ ದೊಡ್ಡದಾಗುತ್ತದೆ. ಇನ್‌ಪುಟ್ ವಾಲ್ಯೂಮ್ ಇಳಿಸಿ ಮೈಕಿನ ಹತ್ತಿರ ಕೂತುಕೊಳ್ಳಿ. ಭುಸ್ ಅಲ್ಲದೆ 'ಗುಂಯ್' ಅನ್ನುತ್ತಿದ್ದರೆ ಚಾರ್ಜರ್ ತೆಗೆದು ನೋಡಿ. ತೆಗೆದಕೂಡಲೇ ನಿಂತರೆ ಪ್ಲಗ್ ಪಾಯಿಂಟಿನ ಅರ್ತಿಂಗ್ ಮೇಲೆ ಅನುಮಾನ ಪಡಬೇಕು. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಹಾಕಿದ್ದರೆ ಮೊದಲು ಅದನ್ನು ಬಿಸಾಡಿ. ಅರ್ತಿಂಗಿನ ವಿಷಯಕ್ಕೆ ನಾನಲ್ಲ, ಎಲೆಕ್ಟ್ರಿಷಿಯನ್ ಬೇಕು.

ಇನ್ನು ಶ್ರುತಿ. ಇದರಲ್ಲಿ ಲಿನಕ್ಸಿನ ತಪ್ಪು ಏನೂ ಇಲ್ಲ, ವಿಂಡೋಸ್‌ನಲ್ಲೂ ಇದೇ ಗತಿ. ಒಂದೇ ಸಮನೆ ಏರಿಳಿತವಿಲ್ಲದೆ ಬರುವ ಸದ್ದನ್ನು ಜೂಮ್ ಗಲಾಟೆ ಅಂದುಕೊಂಡು ಒರೆಸಿ ಹಾಕುತ್ತದೆ. ಫ್ಯಾನಿಗೂ ತಂಬೂರಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ, ಪಾಪ. ಜೂಮ್ ಸೆಟ್ಟಿಂಗಿನ ಆಡಿಯೊ ವಿಭಾಗದಲ್ಲಿ ಸಂಗೀತಗಾರರಿಗೆಂದೇ 'ಒರಿಜಿನಲ್ ಸೌಂಡ್' ಅಂತ ಇದೆ. ಅದನ್ನು ಆರಿಸಿ, ಆಮೇಲೆ ಮೀಟಿಂಗಿನ ಒಳಗೂ ಆನ್ ಮಾಡಿ. ಪ್ರತಿಧ್ವನಿ ತಡೆಯುವುದನ್ನೂ ಆಫ್ ಮಾಡಿದರೆ ಹಾಡು ಇನ್ನೂ ಸ್ವಚ್ಛ, ಆದರೆ ಆಗ ಹೆಡ್‌ಸೆಟ್ ಬೇಕೇ ಬೇಕು. ಇಲ್ಲದಿದ್ದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗುತ್ತದೆ.

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿದ್ದೇನೆ. ಉಬುಂಟುವಿನಲ್ಲಿ (ಇದೂ ಲಿನಕ್ಸೇ) ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಸೂಪರ್ ಆಗಿ ಕೇಳುತ್ತದೆ. ಆನ್‌ಲೈನ್ ಇಂಟರ್‌ವ್ಯೂ ಶುರುವಾದಕೂಡಲೇ ಹಳೇ ರೇಡಿಯೋ ತರ ಆಗುತ್ತದೆ. ಡ್ರೈವರ್ ತೊಂದರೆಯಾ?

ಉತ್ತರ: ಅಲ್ಲ. ಬ್ಲೂಟೂತೇ ಹಾಗೆ. ಹಾಡು ಕೇಳುವಾಗ ಅದು ಎ2ಡಿಪಿ ಅನ್ನುವ ಕ್ರಮದಲ್ಲಿರುತ್ತದೆ. ಅದರಲ್ಲಿ ಸದ್ದು ಚೆನ್ನ, ಆದರೆ ಮೈಕ್ ಇಲ್ಲ. ಮೈಕ್ ಕೇಳಿದಕೂಡಲೇ ಹೆಡ್‌ಸೆಟ್ ಕ್ರಮಕ್ಕೆ ಹಾರುತ್ತದೆ. ಅಲ್ಲಿ ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನ ಸಿವಿಎಸ್‌ಡಿ ಆದರೆ ಸೆಕೆಂಡಿಗೆ 8 ಸಾವಿರ ಸಲ (8 ಕಿಲೋಹರ್ಟ್ಸ್) ಮಾತ್ರ ಸದ್ದಿನ ಅಳತೆ ತೆಗೆಯುತ್ತದೆ, ಎಂಎಸ್‌ಬಿಸಿ ಆದರೆ 16. ಸಿಡಿಯಲ್ಲಿ ಇರುವುದು 44.1 ಅಂತ ನೆನಪಿಸಿಕೊಂಡರೆ ರೇಡಿಯೋ ಯಾಕೆ ಆಯಿತು ಅಂತ ಗೊತ್ತಾಗುತ್ತದೆ, ಅಲ್ವಾ? ಸುಲಭದ ದಾರಿ ಇದು: ಕಿವಿಗೆ ಬ್ಲೂಟೂತ್ ಇರಲಿ, ಇನ್‌ಪುಟ್‌ನಲ್ಲಿ ಲ್ಯಾಪ್‌ಟಾಪಿನ ಮೈಕ್ ಆರಿಸಿ. ಮೇಲೆ ಹೇಳಿದ ವಾಲ್ಯೂಮ್ ಕಂಟ್ರೋಲಿನ ಕಾನ್ಫಿಗರೇಶನ್ ಟ್ಯಾಬಿನಲ್ಲಿ ಎ2ಡಿಪಿಯೇ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಇಂಟರ್‌ವ್ಯೂ ದಿನ ಮಾತ್ರ ವೈರಿನದ್ದೇ ಹಾಕಿ.

ಪ್ರಶ್ನೆ: ಕುಂದಾಪುರದಿಂದ. ಅಪ್‌ಡೇಟ್ ಆದ ಮೇಲೆ ಔಟ್‌ಪುಟ್‌ನಲ್ಲಿ 'ಡಮ್ಮಿ ಔಟ್‌ಪುಟ್' ಅಂತ ಮಾತ್ರ ಇದೆ. ಮೈಕೂ ಇಲ್ಲ, ಸದ್ದೂ ಇಲ್ಲ.

ಉತ್ತರ: ಸೌಂಡ್ ಕಾರ್ಡೇ ಲಿನಕ್ಸಿಗೆ ಕಾಣುತ್ತಿಲ್ಲ. ರೀಸ್ಟಾರ್ಟ್ ಬೇಡ, ಪೂರ್ತಿ ಶಟ್‌ಡೌನ್ ಮಾಡಿ ಆನ್ ಮಾಡಿ. ಆಗದಿದ್ದರೆ ಆನ್ ಆಗುವಾಗಿನ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಿಂದಿನ ಕರ್ನೆಲ್ (ಲಿನಕ್ಸಿನ ತಿರುಳು) ಆರಿಸಿ. ಅದರಲ್ಲಿ ಸದ್ದು ಬಂದರೆ ಹೊಸ ಕರ್ನೆಲಿನದ್ದೇ ಕಿತಾಪತಿ, ಮುಂದಿನ ಅಪ್‌ಡೇಟ್ ಬರುವ ತನಕ ಹಳೆಯದರಲ್ಲೇ ಇರಿ. ಅದರಲ್ಲೂ ಬರದಿದ್ದರೆ, ಲ್ಯಾಪ್‌ಟಾಪ್ ಈಚಿನ ಇಂಟೆಲ್ ಚಿಪ್ಪಿನದ್ದಾಗಿದ್ದರೆ, ಸೌಂಡ್ ಚಿಪ್ಪನ್ನು ನಡೆಸುವ ಸೌಂಡ್ ಓಪನ್ ಫರ್ಮ್‌ವೇರ್ ಪ್ಯಾಕೇಜ್ ಇದೆಯಾ ನೋಡಿ. ಅದು ಇಲ್ಲದೆ ಅಂಥ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಮೈಕ್ ಏಳುವುದೇ ಇಲ್ಲ. ಮುಂದಿನ ಸಲ ಬರೆಯುವಾಗ ಲ್ಯಾಪ್‌ಟಾಪಿನ ಮಾಡೆಲ್, ಯಾವ ಲಿನಕ್ಸ್ ಅಂತ ಸೇರಿಸಿ.