ಗ್ರಾಹಕರು ‘ಬೇಡ’ ಅಂದರೆ ತಪ್ಪು ನಿಮ್ಮದಾ?

ಪ್ರಶ್ನೆ: ದೊಡ್ಡ ಅಂಗಡಿಯೊಂದರಲ್ಲಿ ಕ್ಯಾಷಿಯರ್ ಆಗಿದ್ದೇನೆ. ಬಿಲ್ ಮಾಡುವುದರ ಜೊತೆಗೆ ಪ್ರತಿ ಶಿಫ್ಟ್‌ನಲ್ಲೂ ಇಷ್ಟು ಮೆಂಬರ್‌ಶಿಪ್ ಕಾರ್ಡ್ ಮಾಡಿಸಲೇಬೇಕು. ಆಗದಿದ್ದರೆ ಮರುದಿನದ ಮೀಟಿಂಗ್‌ನಲ್ಲಿ ಎಲ್ಲರೆದುರು ಹೆಸರು ಓದುತ್ತಾರೆ. ಪಕ್ಕದ ಕೌಂಟರ್‌ನ ಹುಡುಗಿ ಬಿಲ್ಲಿಗೆಂದು ಕೊಟ್ಟ ಫೋನ್ ನಂಬರನ್ನೇ ಹಾಕಿ, ಗ್ರಾಹಕರಿಗೆ ಹೇಳದೆ ಕಾರ್ಡ್ ಮಾಡಿಬಿಡುತ್ತಾಳೆ. ‘ನೀನೂ ಹಾಗೇ ಮಾಡು’ ಅನ್ನುತ್ತಾಳೆ. ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಅವಳು ಹೇಳಿದ್ದನ್ನು ಮಾತ್ರ ಖಂಡಿತ ಮಾಡಬೇಡಿ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಟಾರ್ಗೆಟ್ ಮುಟ್ಟಲು ನೌಕರರು ಗ್ರಾಹಕರಿಗೆ ಗೊತ್ತಿಲ್ಲದಂತೆ ಲಕ್ಷಗಟ್ಟಲೆ ಖಾತೆ ತೆರೆದಿದ್ದರು. 2016ರಲ್ಲಿ ಬ್ಯಾಂಕಿಗೆ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ಜನ ಕೆಲಸ ಕಳೆದುಕೊಂಡಾಗಿತ್ತು. ಮುಖ್ಯಸ್ಥರು ಕುರ್ಚಿ ಬಿಟ್ಟದ್ದು ಆಮೇಲೆ. ನಿಮ್ಮಲ್ಲೂ ಅಷ್ಟೇ. ಕಾರ್ಡ್ ಯಾರ ಲಾಗಿನ್‌ನಿಂದ ಆಯಿತು ಅನ್ನುವುದು ಸಿಸ್ಟಮ್‌ನಲ್ಲಿ ಉಳಿಯುತ್ತದೆ. ‘ಹೇಗಾದರೂ ಮಾಡಿ’ ಎಂದವರ ಮಾತು ಎಲ್ಲೂ ಉಳಿಯುವುದಿಲ್ಲ.

ಇನ್ನು ಕಾರ್ಡ್ ಕೇಳಿದಾಗ ಗ್ರಾಹಕರು ಹೇಳುವ ‘ಬೇಡ’ದ ಬಗ್ಗೆ. ನಿಮ್ಮ ಮುಂದೆ ನಿಂತವರ ಖರೀದಿ ಮುಗಿದಿದೆ. ಕೈಯಲ್ಲಿ ಪರ್ಸ್, ಪಕ್ಕದಲ್ಲಿ ರಚ್ಚೆ ಹಿಡಿದ ಮಗು, ಹಿಂದೆ ಉದ್ದ ಸಾಲು. ಅಂಥ ಹೊತ್ತಲ್ಲಿ ಯಾರು ಕೇಳಿದರೂ ‘ಬೇಡ’ ಅಂತಲೇ ಹೇಳುತ್ತಾರೆ, ಅಲ್ವಾ? ಕಾರ್ಡ್ ಮೊದಲೇ ಇರುವವರೂ ನಿಮ್ಮ ಸಾಲಿಗೇ ಬರುತ್ತಾರೆ. ಯಾರು ಬರಬೇಕು ಅಂತ ಆರಿಸುವವರು ನೀವಲ್ಲ. ಹಾಗಿದ್ದ ಮೇಲೆ ಹೆಸರು ಓದಿ ಅವಮಾನ ಮಾಡುವುದು ಶುದ್ಧ ಅನ್ಯಾಯ.

ಒಂದೇ ಸಲ ಕೇಳಿ. ಅದನ್ನೂ ಮೊತ್ತ ಹೇಳುವ ಮೊದಲು, ಸಾಮಾನು ಸ್ಕ್ಯಾನ್ ಮಾಡುತ್ತಲೇ ಕೇಳಿ: ‘ನಮ್ಮ ಕಾರ್ಡ್ ಇದೆಯಾ? ಬೇಕಿದ್ರೆ ಈಗಲೇ ಮಾಡಿಕೊಡ್ತೀನಿ.’ ಬೇಡ ಅಂದರೆ ‘ಸರಿ’ ಅಂದು ಮುಂದಿನ ಸಾಮಾನು ಎತ್ತಿಕೊಳ್ಳಿ. ಒಂದು ವಾರ ಲೆಕ್ಕ ಬರೆದಿಡಿ: ಬಿಲ್ ಎಷ್ಟು, ಕಾರ್ಡ್ ಇದ್ದವರು ಎಷ್ಟು, ಬೇಡ ಅಂದವರು ಎಷ್ಟು. ಅದನ್ನು ಹಿಡಿದು ಮ್ಯಾನೇಜರ್ ಜೊತೆ ಖಾಸಗಿಯಾಗಿ ಮಾತಾಡಿ. ‘ಕಡಿಮೆಯಾದರೆ ನನ್ನನ್ನು ಕರೆದು ಹೇಳಿ, ಎಲ್ಲರೆದುರು ಬೇಡ’ ಅಂತ ನೇರವಾಗಿ ಕೇಳಿ. ಹೇಳದೆ ಕಾರ್ಡ್ ಮಾಡಿ ಅಂತ ಅವರೇ ಸೂಚಿಸಿದರೆ, ಅದನ್ನು ಮೆಸೇಜ್‌ನಲ್ಲಿ ಕಳಿಸಿ ಅನ್ನಿ. ಕಳಿಸಲಾರರು.

ಇಷ್ಟಾದರೂ ಬದಲಾಗದಿದ್ದರೆ ಟಾರ್ಗೆಟ್ ಇಲ್ಲದ ಬೇರೆ ವಿಭಾಗ ಕೇಳಿ, ಹೊರಗೂ ಕೆಲಸ ಹುಡುಕಿ. ಕೈಗೆ ಇನ್ನೊಂದು ಸಿಗುವ ತನಕ ಸಿಟ್ಟಿನಲ್ಲಿ ಬಿಡಬೇಡಿ. ನಿದ್ದೆ ಹೀಗೇ ಕೆಡುತ್ತಿದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿ.

ಆ ಹುಡುಗಿಯ ಜೊತೆಗೂ ಬಿಡುವಿನಲ್ಲಿ ಕೂತು ಮಾತಾಡಿ. ಅವಳೂ ಹೆದರಿಕೊಂಡೇ ಹೀಗೆ ಮಾಡುತ್ತಿರಬಹುದು. ಲೆಕ್ಕ ತೋರಿಸಲು ಇಬ್ಬರೂ ಒಟ್ಟಿಗೆ ಹೋದರೆ ಇನ್ನೂ ಒಳ್ಳೆಯದು.