ರಾಕ್, ಫಂಕ್ (ಬೇಸು ಡ್ರಮ್ಸಿನ ತಾಳವೇ ಮುಂದೆ ನಿಲ್ಲೋ ಸಂಗೀತ), ಮೆಟಲ್ ಮೂರೂ ಬೆರೆಸೋ ಬ್ಯಾಂಡ್ ನಮ್ದು. ಗಿಟಾರಿಸ್ಟಿಗೆ ಮೆಟಲ್ ಹುಚ್ಚು, ಡ್ರಮ್ಮರ್ ಗ್ರೂವ್ (ಮೈ ಕುಣಿಸೋ ಲಯ) ಬಿಡಲ್ಲ, ಅವರ ಡೇಟ್ಸೂ ಸಮಸ್ಯೆ, ಆರ್ಗನೈಸರ್ರು ಯಾವ್ದಾದ್ರೂ ಒಂದು ಆಗಿ ಅಂತಾರೆ. ಅಮೆರಿಕದ ಫೇಥ್ ನೋ ಮೋರ್ ಬ್ಯಾಂಡ್ ಇದೆಯಲ್ಲ, ಅವರಿಗೆ ಮಿಕ್ಸ್ ಮಾಡಿದ್ದೇ ವರವಾಯ್ತು. ಹಿಂಗೇ ಇದ್ರೆ ನಮಗೂ ಅವರ ಥರ ಕರಿಯರ್ ಆಗುತ್ತಾ, ಇಲ್ಲಾ ಡ್ರಮ್ಮರ್ ಬದಲಾಯಿಸಿ ಪೂರ್ತಿ ಮೆಟಲ್ ಆಗ್ಬಿಡೋದಾ?

ಡ್ರಮ್ಮರ್ ಬದಲಾಯಿಸ್ಬೇಡಿ. ಉಳಿದಿದ್ದು ಹೆಂಗಾದ್ರೂ ಮಾಡ್ಕೊಳ್ಳಿ. ನಿಮ್ಮ ಪ್ರಶ್ನೆ ಓದಿ ನನಗೆ ಒಂಥರಾ ಆಯ್ತು, ಅದೇ ಮೆಟಲ್ ಹುಚ್ಚಿನ ಗಿಟಾರಿಸ್ಟು, ಅದೇ ಗ್ರೂವ್ ಬಿಡದ ಡ್ರಮ್ಮರು, "ಯಾವ್ದಾದ್ರೂ ಒಂದು ಆಗ್ರಪ್ಪಾ" ಅಂತ ಬುದ್ಧಿ ಹೇಳೋ ಅದೇ ಆರ್ಗನೈಸರ್ರು. ಎಲ್ಲ ನಮ್ಮದೇ.

2006-07ರ ಬೆಂಗಳೂರು. ನಾನು ಬೇಸ್ ನುಡಿಸ್ತಿದ್ದೆ. ಬ್ಯಾಂಡ್ ಹೆಸರು ಹೇಳಲ್ಲ, ಹೇಳಿದ್ರೂ ಯಾರಿಗೂ ಗೊತ್ತಾಗಲ್ಲ. ಗಿಟಾರಿಸ್ಟು ಪಕ್ಕಾ ಥ್ರ್ಯಾಶ್ (ವೇಗದ ಮೆಟಲ್) ಗಿರಾಕಿ, ಕೀಬೋರ್ಡ್‌ಗೆ ಚರ್ಚಲ್ಲಿ ಆರ್ಗನ್ ನುಡಿಸಿ ಬೆಳೆದ ಹುಡುಗಿ, ಹಾಡೋನು ಏನು ಕೊಟ್ರೂ ಹಾಡ್ತಿದ್ದ. ಡ್ರಮ್ಮರ್ ನಮಗಿಂತ ಹತ್ತು ವರ್ಷ ದೊಡ್ಡೋರು, ಆರ್ಕೆಸ್ಟ್ರಾದವರು. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ ಅಂತ ಇಳಯರಾಜ, ಹಂಸಲೇಖ ಹಾಡುಗಳನ್ನ ಬೆಳಗಿನ ಜಾವದವರೆಗೆ ಬಾರಿಸಿ ಕೈ ಪಳಗಿದ ಮನುಷ್ಯ. ನಾವೆಲ್ಲ ಅಣ್ಣ ಅಂತಲೇ ಕರೀತಿದ್ವಿ. ಫಂಕ್ ಅನ್ನೋ ಪದ ಅವರ ಬಾಯಲ್ಲಿ ಬಂದಿದ್ದೇ ನಾನು ಕೇಳಿಲ್ಲ, ಆದ್ರೆ ಕೂತ್ಕೊಂಡು ಸುಮ್ನೆ ಒಂದು ಬೀಟ್ ಹಿಡಿದ್ರೆ ಜಾಮ್ ರೂಮಿನ ಹುಡುಗ ಕೂಡ ಬಾಗಿಲಲ್ಲಿ ಬಂದು ನಿಂತ್ಕೊಳ್ಳೋನು.

2007ರ ಮಾರ್ಚಲ್ಲಿ ಅರಮನೆ ಮೈದಾನಕ್ಕೆ ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದ್ರು. ಅದಾದ್ಮೇಲೆ ಊರಲ್ಲಿ ಎಲ್ಲಿ ನೋಡಿದ್ರೂ ಕಪ್ಪು ಟೀ ಶರ್ಟು. ಕಾಲೇಜ್ ಫೆಸ್ಟುಗಳಲ್ಲಿ ಮೆಟಲ್ ಬ್ಯಾಂಡು ಹತ್ತಿದ್ರೆ ಮಾತ್ರ ಜನ ಮುಂದೆ ಬರೋದು, ಉಳಿದೋರು ಹತ್ತಿದ್ರೆ ಕ್ಯಾಂಟೀನ್ ಕಡೆ ನಡೆದುಬಿಡೋರು. ಒಂದು ಕಾಂಪಿಟಿಷನ್ನಲ್ಲಿ ನಾವು ಫೈನಲ್‌ಗೆ ಹೋಗಲಿಲ್ಲ, ಆರ್ಗನೈಸರ್ ಒಬ್ರು ಕರೆದು "ಚೆನ್ನಾಗಿದೀರಪ್ಪ, ಆದ್ರೆ ನಿಮ್ಮನ್ನ ಏನಂತ ಪೋಸ್ಟರ್ ಹಾಕೋದು" ಅಂದ್ರು. ಅಷ್ಟೇ ಸಾಕಾಯ್ತು. ಗಿಟಾರಿಸ್ಟು ಮೊದಲೇ ಹೇಳ್ತಿದ್ದ, ಅಣ್ಣಂಗೆ ಡಬಲ್ ಪೆಡಲ್ (ಎರಡೂ ಕಾಲಲ್ಲಿ ಕಿಕ್ ಡ್ರಮ್ ಬಾರಿಸೋದು) ಬರಲ್ಲ, ಸೆಪ್ಟೆಂಬರು ನವೆಂಬರಲ್ಲಿ ಪ್ರಾಕ್ಟೀಸಿಗೂ ಸಿಗಲ್ಲ, ಇವರನ್ನ ಇಟ್ಕೊಂಡು ಎಷ್ಟು ದಿನ ಅಂತ. ನಾನೂ ತಲೆ ಆಡಿಸಿದೆ. ಬೇಸ್ ನುಡಿಸೋನು ನಾನು, ಆ ಡ್ರಮ್ಸಿನ ಬೆಲೆ ನನಗಲ್ದೆ ಇನ್ಯಾರಿಗೆ ಗೊತ್ತಿರ್ಬೇಕಿತ್ತು ಹೇಳಿ.

ಹೊಸ ಹುಡುಗ ಬಂದ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜನ ಇಲ್ಲೇ ತಪ್ಪು ತಿಳ್ಕೊಳ್ಳೋದು. ಆ ಹುಡುಗ ಕೆಟ್ಟ ಡ್ರಮ್ಮರ್ ಅಲ್ಲ, ಅಣ್ಣನಿಗಿಂತ ಸ್ಪೀಡು, ಕ್ಲಿಕ್ (ತಾಳ ಎಣಿಸೋ ಟಿಕ್ ಟಿಕ್ ಸದ್ದು) ಹಾಕಿದ್ರೆ ಒಂದು ಕೂದಲೆಳೆ ಆಚೀಚೆ ಆಗ್ತಿರಲಿಲ್ಲ. ಆದ್ರೆ ನಮ್ಮ ಹಾಡುಗಳು ಹುಟ್ಟಿದ್ದೇ ಅಣ್ಣನ ಬಲಗಾಲಿಂದ. ಅವರು ತಾಳದ ಒಂದೊಂದು ಸುತ್ತಿನ ಮೊದಲ ಹೊಡೆತಕ್ಕೆ ಕಾಲಲ್ಲಿ ಕಿಕ್ ಡ್ರಮ್ ಬಾರಿಸಿ, ಎರಡನೇದಕ್ಕೆ ಮುಂಚೆ ಒಂದು ಚೂರು ಜಾಗ ಖಾಲಿ ಬಿಡೋರು, ಆ ಖಾಲೀಲಿ ಎಡಗೈ ಸ್ನೇರ್ ಡ್ರಮ್ ಮೇಲೆ ಕೇಳಿಯೂ ಕೇಳ್ದಂಗೆ ಗುಸುಗುಸು ಅನ್ನೋದು, ಘೋಸ್ಟ್ ನೋಟ್ ಅಂತಾರಲ್ಲ ಅದು. ನನ್ನ ಹೆಬ್ಬೆರಳು ಕಿಕ್ ಜೊತೆ ಬೀಳೋದು, ತೋರುಬೆರಳು ಆ ಖಾಲಿ ಜಾಗದಲ್ಲಿ ತಂತಿ ಎಳೆಯೋದು. ಗಿಟಾರಿಸ್ಟು ಆ ಸುತ್ತು ಪೂರ್ತಿ ಸುಮ್ನಿದ್ದು ಕೊನೇಲಿ ಒಮ್ಮೆ ರಿಫ್ (ಗಿಟಾರಿನ ಪಲ್ಲವಿ ಥರದ ತುಣುಕು) ಬಡಿದ್ರೆ ಗೋಡೆ ಬಿದ್ದಂಗಾಗೋದು, ಯಾಕೆ, ಅವನ ಮುಂದೆ ಜಾಗ ಖಾಲಿ ಇತ್ತು ಅದಕ್ಕೆ. ಹೊಸ ಹುಡುಗನ ಡಬಲ್ ಪೆಡಲ್ಲು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲ್ ಎಸೆದಂಗೆ ಇದ್ದಬದ್ದ ಜಾಗಕ್ಕೆಲ್ಲ ಟವಲ್ ಹಾಸ್ಬಿಡ್ತು. ನಾನು ಹಂಗೆ ಹೆಬ್ಬೆರಳಲ್ಲಿ ತಂತಿ ಬಡಿದು ಸ್ಲ್ಯಾಪ್ ಮಾಡಿದ್ರೆ ಬರೀ ಟಕಟಕ ಅಂತ ಸದ್ದು, ನೋಟ್ ಯಾವುದೂ ಕೇಳಲ್ಲ. ನಾನು ಪಿಕ್ ಹಿಡಿದು ಗಿಟಾರ್ ನುಡಿಸಿದ್ದನ್ನೇ ಒಂದು ಆಕ್ಟೇವ್ ಕೆಳಗೆ ನುಡಿಸೋಕೆ ಶುರು ಮಾಡಿದೆ. ಕೀಬೋರ್ಡ್ ಹುಡುಗಿಗೆ ನುಡಿಸೋಕೆ ಏನೂ ಉಳೀಲಿಲ್ಲ, ಎರಡು ಗಿಗ್ ಆದ್ಮೇಲೆ "ನನ್ನ ಅವಶ್ಯಕತೆ ಏನಿದೆ ಇಲ್ಲಿ" ಅಂತ ಕೇಳಿದ್ಲು, ನಮ್ಮತ್ರ ಉತ್ತರ ಇರಲಿಲ್ಲ, ಹೋದ್ಲು. ಅಂದ್ರೆ ನಾವು ಒಬ್ಬರನ್ನ ತೆಗೆದ್ವಿ ಅಂದ್ಕೊಂಡಿದ್ವಿ, ಹೋಗಿದ್ದು ಮೂರು ಜನ. ಮೂರನೆಯೋನು ನಾನೇ, ಸ್ಟೇಜ್ ಮೇಲೆ ನಿಂತಿದ್ದೆ ಅಷ್ಟೇ.

ಡೇಟ್ಸ್ ಸಮಸ್ಯೆ ಅಂತ ನೀವೂ ಬರ್ದಿದೀರ. ನಿಜ, ಗಣೇಶನ ಸೀಸನ್ ಅಂದ್ರೆ ಹಬ್ಬದ ದಿನಕ್ಕೆ ಮುಗಿಯಲ್ಲ, ಬೀದಿಬೀದಿ ಗಣೇಶ ನೀರಿಗೆ ಬೀಳೋವರೆಗೂ ಪ್ರೋಗ್ರಾಮ್ ಇರುತ್ತೆ, ಅಷ್ಟರಲ್ಲಿ ನವೆಂಬರ್ ಬಂತು. ಆದ್ರೆ ಆರ್ಕೆಸ್ಟ್ರಾದಲ್ಲಿ ಅಣ್ಣಂಗೆ ರಾತ್ರಿಗೆ ಇಂತಿಷ್ಟು ಅಂತ ಕೈಗೆ ದುಡ್ಡು ಬರ್ತಿತ್ತು, ನಮ್ಮತ್ರ ಬಂದ್ರೆ ಅವರೇ ಜಾಮ್ ರೂಮ್ ಬಾಡಿಗೇಲಿ ಐದನೇ ಒಂದು ಪಾಲು ಕೊಡ್ಬೇಕಿತ್ತು! ಮನೆ, ಮಕ್ಕಳು ಇರೋ ಮನುಷ್ಯ. ಅಪ್ಪನ ದುಡ್ಡಲ್ಲಿ ಓಡಾಡ್ತಿದ್ದ ನಾವು ಅವರನ್ನ "ಕಮಿಟ್‌ಮೆಂಟ್ ಇಲ್ಲ" ಅಂತಿದ್ವಿ. ಮುಖಕ್ಕೆ ಹೇಳೋ ಧೈರ್ಯ ಕೂಡ ಆಗ್ಲಿಲ್ಲ ನಮಗೆ, ಈ ವಾರ ಪ್ರಾಕ್ಟೀಸ್ ಇಲ್ಲಣ್ಣ, ಮುಂದಿನ ವಾರ ನೋಡೋಣಣ್ಣ ಅಂತ ತಳ್ಳಿದ್ವಿ. ಪೋಸ್ಟರ್ ನೋಡಿ ಗೊತ್ತಾಯ್ತು ಅವರಿಗೆ. ಫೋನ್ ಮಾಡಿ ಒಂದೇ ಮಾತು ಕೇಳಿದ್ದು, "ಸಿಂಬಲ್ ಸ್ಟ್ಯಾಂಡ್ ನಂದು ಅಲ್ಲೇ ಇದೆ, ಯಾವಾಗ ಬಂದು ತಗೊಂಡು ಹೋಗ್ಲಿ?"

ಏನು ಕಳ್ಕೊಂಡ್ವಿ ಅಂತ ಗೊತ್ತಾಗಿದ್ದು ಆಮೇಲೆ. ಹಳೇ ಡೆಮೊ ಸಿಡಿ ಕೇಳಿ ಹೊರಗಡೆ ಊರಿನ ಒಂದು ದೊಡ್ಡ ಫೆಸ್ಟಿವಲ್ಲಿನೋರು ನಮ್ಮನ್ನ ನೋಡೋಕೆ ಬಂದ್ರು. ಸೆಟ್ ಮುಗಿದ ಮೇಲೆ ಬಂದು ಪ್ರೀತಿಯಿಂದಲೇ ಮಾತಾಡಿಸಿ, ಸಿಡೀಲಿ ಇದ್ದ ಬ್ಯಾಂಡ್ ಎಲ್ಲಿ ಅಂತ ಕೇಳಿದ್ರು. ಅವರತ್ರ ಮೆಟಲ್ ಬ್ಯಾಂಡುಗಳ ಲಿಸ್ಟೇ ಇತ್ತು, ನಮಗಿಂತ ಚೆನ್ನಾಗಿ ಬಾರಿಸೋರು. ಅದಾಗಿ ವರ್ಷದೊಳಗೆ ಎಲ್ಲರೂ ಅವರವರ ಕೆಲಸ ಹಿಡ್ಕೊಂಡ್ವಿ.

ಈಗ ಫೇಥ್ ನೋ ಮೋರ್ ವಿಷಯಕ್ಕೆ ಬರೋಣ. "ಅವರಿಗೆ ಮಿಕ್ಸ್ ಮಾಡಿದ್ದೇ ವರವಾಯ್ತು" ಅಂದಿದೀರ. ಒಪ್ಪಲ್ಲ ಕಣ್ರೀ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಬತ್ತರ ದಶಕದ ಶುರೂಲಿ ಹುಟ್ಟಿದ ಬ್ಯಾಂಡು, ಮೊದಲ ಆಲ್ಬಂ 1985ರಲ್ಲಿ, ದೊಡ್ಡ ಹಿಟ್ ಆಗಿದ್ದು 1990ರಲ್ಲಿ. ಅಷ್ಟು ವರ್ಷವೂ ಮಿಕ್ಸೇ ಮಾಡ್ತಿದ್ರು, ಯಾವ ವರವೂ ಸಿಗ್ಲಿಲ್ಲ. ಅದೂ ಅಲ್ದೆ ಇವತ್ತು ರಾಕ್ ಅರ್ಧ ಕೆಜಿ ಫಂಕ್ ಕಾಲು ಕೆಜಿ ಅಂತ ಕೂತು ತೂಗಿದ್ದಲ್ಲ ಅದು. ಡ್ರಮ್ಮರ್ ಮೈಕ್ ಬೋರ್ಡಿನ್ ಬರ್ಕ್ಲಿಯಲ್ಲಿ ಪಶ್ಚಿಮ ಆಫ್ರಿಕಾದ ಡ್ರಮ್ಮಿಂಗ್ ಕಲ್ತಿದ್ದ. ಕೀಬೋರ್ಡಿನ ರಾಡಿ ಬಾಟಮ್ ಕ್ಲಾಸಿಕಲ್ ಪಿಯಾನೋ ಕಲ್ತೋನು. ಬೇಸಿನ ಬಿಲ್ಲಿ ಗೂಲ್ಡ್ ಪಂಕ್ ಕಡೆಯೋನು. ಗಿಟಾರಿನ ಜಿಮ್ ಮಾರ್ಟಿನ್ ಅಪ್ಪಟ ಮೆಟಲ್, ಹುಡುಗರಾಗಿದ್ದಾಗ ಅವನೂ ಬೋರ್ಡಿನ್ನೂ ಮುಂದೆ ಮೆಟಾಲಿಕಾ ಸೇರಿದ ಕ್ಲಿಫ್ ಬರ್ಟನ್ ಜೊತೆ ಒಂದೇ ಬ್ಯಾಂಡಲ್ಲಿದ್ರು. ಇಂಥ ನಾಲ್ಕು ಜನ ಒಂದು ರೂಮಲ್ಲಿ ಬಾರಿಸಿದ್ರೆ ಬರೋ ಸದ್ದು ಅದು, ಬೇರೆ ಥರ ಬರೋಕೆ ಸಾಧ್ಯನೇ ಇರಲಿಲ್ಲ. ನಿಮ್ಮಲ್ಲೂ ಅಷ್ಟೇ, ಜಾನರ್ (ಸಂಗೀತದ ಬಗೆ) ಆರಿಸ್ತೀವಿ ಅಂದ್ಕೊಂಡು ನೀವು ನಿಜವಾಗ್ಲೂ ಆರಿಸ್ತಿರೋದು ಯಾರನ್ನ ಆಚೆ ಹಾಕೋದು ಅಂತ.

ಅವರೂ ಜನರನ್ನ ಬದಲಾಯಿಸಿದ್ರಲ್ಲ ಅಂತ ನೀವು ಕೇಳ್ಬಹುದು. ಹೌದು, ಯಾರನ್ನ ಅಂತ ನೋಡಿ. ಹಾಡ್ತಿದ್ದ ಚಕ್ ಮೋಸ್ಲಿನ 1988ರಲ್ಲಿ ಕಳಿಸಿದ್ರು. ಯುರೀಕಾ ಅನ್ನೋ ಸಣ್ಣ ಊರಿಂದ ಮೈಕ್ ಪ್ಯಾಟನ್ ಬಂದ, ಆಗಿನ್ನೂ ಇಪ್ಪತ್ತರ ಆಸುಪಾಸು. ಅವನು ಬರೋ ಹೊತ್ತಿಗೆ 'ದಿ ರಿಯಲ್ ಥಿಂಗ್' ಆಲ್ಬಮ್ಮಿನ ಸಂಗೀತ ರೆಡಿ ಇತ್ತು, ಅವನು ಎರಡು ವಾರದಲ್ಲಿ ಸಾಹಿತ್ಯ ಬರ್ದು ಹಾಡಿದ. 1989ರ ಜೂನಲ್ಲಿ ಬಂದ ಆಲ್ಬಂ ಮೊದಮೊದಲು ತೆವಳ್ತಿತ್ತು, ಮುಂದಿನ ವರ್ಷ 'ಎಪಿಕ್' ವಿಡಿಯೋನ ಎಂಟಿವಿ ಹಿಡ್ಕೊಂಡ ಮೇಲೆ ಹಾಡು ಅಮೆರಿಕದ ಹಿಟ್ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 9ನೇ ಸ್ಥಾನಕ್ಕೆ ಹೋಯ್ತು. ಆ ಹಾಡನ್ನ ಒಮ್ಮೆ ಹೆಡ್‌ಫೋನಲ್ಲಿ ಕೇಳಿ. ಪ್ಯಾಟನ್ ರ‍್ಯಾಪ್ ಮಾಡೋ ಕಡೆ ಭಾರ ಹೊತ್ಕೊಂಡಿರೋದು ಬೇಸು ಡ್ರಮ್ಸು, ಕೋರಸ್‌ಗೆ ಮಾರ್ಟಿನ್ ಗಿಟಾರ್ ಬಂದು ಕವಿದುಕೊಳ್ಳುತ್ತೆ, ಎಲ್ಲ ಮುಗಿದ ಮೇಲೆ ಬಾಟಮ್ ಪಿಯಾನೋ ಒಂದೇ ಉಳಿಯುತ್ತೆ. ಒಬ್ಬೊಬ್ಬರದೂ ಸರದಿ ಬರುತ್ತೆ, ಮಿಕ್ಕೋರು ಜಾಗ ಬಿಟ್ಕೊಡ್ತಾರೆ. ಡಬಲ್ ಪೆಡಲ್ ಹುಡುಗನ್ನ ತಂದು ನಾವು ಹಾಳು ಮಾಡ್ಕೊಂಡಿದ್ದು ಇದನ್ನೇ.

ಹಿಟ್ ಬಂದ್ಮೇಲೆ ರೆಕಾರ್ಡ್ ಕಂಪನಿಯೋರಿಗೆ ಇನ್ನೊಂದು 'ಎಪಿಕ್' ಬೇಕಿತ್ತು. ಇವರು 1992ರಲ್ಲಿ 'ಏಂಜಲ್ ಡಸ್ಟ್' ಕೊಟ್ರು, ಸ್ಯಾಂಪಲ್ಲು, ಕಿರುಚಾಟ, ಅಕಾರ್ಡಿಯನ್ನು, ಹಳೇ ಸಿನಿಮಾದ ಥೀಮ್ ಮ್ಯೂಸಿಕ್ಕು ಎಲ್ಲ ತುಂಬಿ. ಅಮೆರಿಕದಲ್ಲಿ ಹಿಂದಿನದ್ರಷ್ಟು ಓಡ್ಲಿಲ್ಲ, ಯುರೋಪಲ್ಲಿ ಚೆನ್ನಾಗೇ ಓಡ್ತು. ನನ್ನ ಪ್ರಕಾರ ಅವರ ಬೆಸ್ಟ್ ಅದೇ, ಜಗಳ ಆಡೋರು ಕಾಮೆಂಟಲ್ಲಿ ಬನ್ನಿ. ಇನ್ನೊಂದು ತಮಾಷೆ ಇದೆ. 'ದಿ ರಿಯಲ್ ಥಿಂಗ್' ಸಿಡೀಲಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬತ್‌ನ 'ವಾರ್ ಪಿಗ್ಸ್' ಹಾಡನ್ನ ಇವರು ಮತ್ತೆ ಹಾಡಿದ ಕವರ್ ಇತ್ತು, ಮೆಟಲ್ ಫ್ಯಾನ್ಸ್ ಶೋಗಳಲ್ಲಿ ಅದನ್ನೇ ಕಾಯ್ತಿದ್ರು, ಇವರು ಬೇಕಂತಲೇ ಅದರ ಬದಲು ಕಮಡೋರ್ಸ್ ಅನ್ನೋ ಸೋಲ್-ಫಂಕ್ ಬ್ಯಾಂಡಿನ ಮೆಲುದನಿಯ 'ಈಝಿ' ಹಾಡೋಕೆ ಶುರು ಮಾಡಿದ್ರು. ಆಮೇಲೆ ರೆಕಾರ್ಡ್ ಮಾಡಿದ್ರೆ ಬ್ರಿಟನ್ನಲ್ಲಿ 3ನೇ ಸ್ಥಾನ, ಆಸ್ಟ್ರೇಲಿಯಾದಲ್ಲಿ 1ನೇ ಸ್ಥಾನ. ಗ್ರ್ಯಾಮಿಯಲ್ಲಿ ಮೆಟಲ್ ವಿಭಾಗಕ್ಕೆ ನಾಮಿನೇಟ್ ಆಗಿದ್ದ ಬ್ಯಾಂಡಿಗೆ! ಯಾವ ಜಾನರ್ ಓಡುತ್ತೆ ಅಂತ ನಿಮ್ಮ ಆರ್ಗನೈಸರ್ ಹೇಳಿದ್ರೆ ನಂಬ್ಬೇಡಿ, ಅವರಿಗೂ ಗೊತ್ತಿರಲ್ಲ.

ಆಮೇಲೆ ಗಿಟಾರಿಸ್ಟಿನ ಸರದಿ. 1993ರ ಕೊನೇಲಿ ಜಿಮ್ ಮಾರ್ಟಿನ್ ಹೊರಗೆ ಬಿದ್ದ, ಫ್ಯಾಕ್ಸ್ ಕಳಿಸಿ ತೆಗೆದ್ರು ಅಂತ ಸುದ್ದಿ ಆಯ್ತು, ಅವನು ನಾನೇ ಬಿಟ್ಟೆ ಅಂತಾನೆ. (ಫ್ಯಾಕ್ಸೂ ನಮ್ಮ ಪೋಸ್ಟರಿಗಿಂತ ವಾಸಿ.) ಟ್ರೇ ಸ್ಪ್ರೂಯೆನ್ಸ್ ಬಂದು 1995ರ ಆಲ್ಬಂ ನುಡಿಸಿ ಟೂರಿಗೆ ಮುಂಚೆ ಹೋದ, ಟೂರಿಗೆ ಡೀನ್ ಮೆಂಟಾ ಬಂದ, 1997ರ ಆಲ್ಬಂ ಹೊತ್ತಿಗೆ ಜಾನ್ ಹಡ್ಸನ್. ಹಾಡೋರು, ಗಿಟಾರಿಸ್ಟುಗಳು ಬರ್ತಾ ಹೋಗ್ತಾ ಇದ್ರು. ಗೂಲ್ಡ್, ಬೋರ್ಡಿನ್, ಬಾಟಮ್ ಈ ಮೂರು ಜನ ಮೊದಲ ಆಲ್ಬಮ್ಮಿಂದ ಕೊನೇ ಆಲ್ಬಂವರೆಗೂ ಕದಲಲಿಲ್ಲ. ಬೇಸ್, ಡ್ರಮ್ಸ್, ಕೀಬೋರ್ಡ್. ನಾವು ಕಳ್ಕೊಂಡಿದ್ದು ಕರೆಕ್ಟಾಗಿ ಆ ಮೂರೇ, ನೀವು ಕಳ್ಕೊಳ್ಳೋಕೆ ಹೊರಟಿರೋದೂ ಅಲ್ಲಿಂದಲೇ.

1998ರಲ್ಲಿ ಅವರು ಬ್ಯಾಂಡ್ ಮುಚ್ಚಿದ್ದೂ ಜಾನರ್ ಕೈಕೊಟ್ಟು ಅಲ್ಲ, ಪ್ಯಾಟನ್‌ಗೆ ಬೇರೆ ಬ್ಯಾಂಡುಗಳು, ಬಾಟಮ್‌ಗೆ ಇಂಪೀರಿಯಲ್ ಟೀನ್ ಅನ್ನೋ ಬ್ಯಾಂಡು, ಬೋರ್ಡಿನ್ನು ಮೆಟಲ್ ಹಾಡುಗಾರ ಓಝಿ ಆಸ್ಬರ್ನ್ ಜೊತೆ, ಯಾರ ಮನಸ್ಸೂ ಅಲ್ಲಿರಲಿಲ್ಲ. 2009ರಲ್ಲಿ ಮತ್ತೆ ಸೇರಿದ್ರು, 2015ರಲ್ಲಿ 'ಸೋಲ್ ಇನ್ವಿಕ್ಟಸ್' ಅನ್ನೋ ಆಲ್ಬಮ್ಮನ್ನ ತಮ್ಮದೇ ಲೇಬಲ್ಲಿಂದ ತಂದ್ರು, ಪ್ರೊಡ್ಯೂಸ್ ಮಾಡಿದ್ದು ಗೂಲ್ಡೇ. ಹದಿನೆಂಟು ವರ್ಷದ ಗ್ಯಾಪ್ ಆದ್ಮೇಲೆ ಕೇಳಿದ್ರೂ ಒಂದೇ ನಿಮಿಷಕ್ಕೆ ಇವರೇ ಅಂತ ಗೊತ್ತಾಗುತ್ತೆ.

ಸರಿ, ನೀವೀಗ ಮಾಡ್ಬೇಕಾಗಿದ್ದು. ಈ ತಿಂಗಳಿಂದ ಡ್ರಮ್ಮರ್ ಹತ್ರ ಜಾಮ್ ರೂಮ್ ದುಡ್ಡು ಇಸ್ಕೋಬೇಡಿ, ಅವರು ಮನೆ ನಡೆಸೋರಾದ್ರೆ ಗಿಗ್ ದುಡ್ಡಲ್ಲಿ ಮೊದಲ ಪಾಲು ಅವರಿಗೆ. ಅವರ ಡೇಟ್ಸ್ ನೋಡ್ಕೊಂಡು ಕ್ಯಾಲೆಂಡರ್ ಹಾಕಿ. ಗಿಟಾರಿಸ್ಟ್‌ಗೆ ಒಂದು ಹಾಡು ಪೂರ್ತಿ ಮೆಟಲ್ ಬಿಟ್ಕೊಡಿ, ಸೆಟ್ಟಿನ ಕೊನೇಗೆ ಇಟ್ಕೊಳ್ಳಿ, ಉಳಿದ ಹಾಡುಗಳಲ್ಲಿ ಯಾವಾಗ ಸುಮ್ನಿರ್ಬೇಕು ಅಂತ ಅವನು ಕಲೀಲಿ. ಫೆಸ್ಟ್ ಫಾರಮ್ಮಲ್ಲಿ ಜಾನರ್ ಅಂತ ಒಂದು ಕಾಲಂ ಇರುತ್ತಲ್ಲ, ಅಲ್ಲಿ ಕಣ್ಮುಚ್ಚಿ ಮೆಟಲ್ ಅಂತ ಬರೀರಿ, ಸ್ಟೇಜ್ ಹತ್ತಿದ ಮೇಲೆ ಆ ಫಾರಂ ಯಾರೂ ತೆಗೆದು ನೋಡಲ್ಲ.